ಹೊಳೆದಂಡೆಯಲ್ಲಿ ಒದರುವವರು

ಗಿರಿಜಾ ನಿವಾಸ ಹೋಮ್‌ಸ್ಟೇಯಲ್ಲಿ ಎರಡು ದಿನ ಉಳಿದು ಹೋದ ಪುಣೆಯ ದಂಪತಿ ಐದು ನಕ್ಷತ್ರಗಳ ಪೈಕಿ ಎರಡನ್ನು ಕೊಟ್ಟು, ಉಳಿದವನ್ನು ಯಾಕೆ ಕೊಡಲಿಲ್ಲವೆಂದು ವಿವರವಾಗಿ ಬರೆದಿದ್ದರು. ಕೋಣೆ ಸ್ವಚ್ಛ. ರೊಟ್ಟಿ ಊಟ ಮರೆಯುವಂಥದಲ್ಲ. ಕಾಳಿ ಹೊಳೆ ಹಿತ್ತಲಲ್ಲೇ ಹರಿಯುತ್ತದೆ. ಆದರೆ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ನೀರಿಗೆ ಇಳಿದವರನ್ನು ದಂಡೆಯ ಮೇಲೆ ನಿಂತು ಬೈಯುತ್ತಾಳೆ. ಭಾಷೆ ತಿಳಿಯದಿದ್ದರೂ ಬೈಗುಳವೆಂಬುದು ತಿಳಿಯುತ್ತದೆ. ಈ ಮನೆಯವರು ಸಹನೆ ಕಲಿಯಬೇಕು.

ಸುಮಿತಾ ಇದನ್ನು ಮುಂಜಾನೆ ಉಪ್ಪಿಟ್ಟು ತಿನ್ನುವ ಹೊತ್ತಿಗೆ ಫೋನಿನಲ್ಲಿ ಓದಿ, ಕನ್ನಡಕ್ಕೆ ತಿರುಗಿಸಿ ಹೇಳಿದಳು. ದಾಂಡೇಲಿಯ ಕಾಲೇಜಿನಲ್ಲಿ ಬಿ.ಕಾಂ. ಓದುವ ಹುಡುಗಿ, ಹೋಮ್‌ಸ್ಟೇಯ ಫೋಟೋ, ಬುಕಿಂಗು, ಬಂದವರ ಅಭಿಪ್ರಾಯಕ್ಕೆ ಉತ್ತರ ಬರೆಯುವುದು ಎಲ್ಲ ಅವಳ ಪಾಲಿಗೆ. "ಮುದುಕಿ" ಎಂದಿದ್ದಲ್ಲಿ ಅವಳು "ಹಿರಿಯರು" ಎಂದು ತಿದ್ದಿದ್ದಳು. ಆದರೂ ಅಜ್ಜಿ ಗಿರಿಜಾಬಾಯಿಗೆ ಇದು ತನ್ನದೇ ಸುದ್ದಿ ಎಂದು ಗೊತ್ತಾಯಿತು.

"ಯಾರು, ಆ ಗುಂಗುರು ಕೂದಲದಾಕಿ, ಆಕಿ ಗಂಡ?"

"ಹೂಂ ಆಯಿ."

"ಎದಿಮಟ ನೀರಾಗ ನಿಂತು ಫೋಟೋ ತಗಸ್ಕೊಳ್ಳಾಕತ್ತಿದ್ರು. ಬೆನ್ನ ಹಿಂದ ಹೊಳಿ ಏರಾಕತ್ತಿತ್ತು. ಒದರಿದೆ, ಮ್ಯಾಲ ಬಂದ್ರು. ಜೀವಂತ ಮನಿಗೆ ಹೋಗ್ಯಾರ, ಹೋಗಿ ಕುಂತು ಬರದಾರ. ಸತ್ತಿದ್ರ ಬರೀತಿದ್ರೇನು?"

ಮಗ ಉದಯಕುಮಾರ ತಟ್ಟೆ ಕೆಳಗಿಟ್ಟ. "ಅವ್ವಾ, ಒದರಿದ್ದು ತಪ್ಪಂತ ಅಲ್ಲ. ಆದರ ಆ ಧಾಟಿ. ಅವರಿಗೆ ಏನಂದಿ ನೀ?"

"ನಂಗ ನೆನಪಿಲ್ಲ."

"ನಿಮ್ಮವ್ವ ನಿಮ್ಮನ್ನ ಹಡದದ್ದು ಮೀನಕ್ಕ ಹಾಕಾಕೇನು ಅಂದಿ," ಎಂದು ಮೊಮ್ಮಗಳು ನೆನಪಿಸಿದಳು.

"ಮತ್ತ? ಯಾಕ ಹಡದಿದ್ದಳಂತ, ನೀ ಕೇಳಿದ್ದೇನು?"

ಉದಯಕುಮಾರನಿಗೆ ನಗು ಬಂತು, ಆದರೆ ನಕ್ಷತ್ರಗಳು ನೆನಪಾಗಿ ಅದನ್ನು ನುಂಗಿದ. "ನಡಿಯೋದಿಲ್ಲ ಅವ್ವಾ. ಗಿರಾಕಿ ಮಂದಿ. ಸೈರಿಸ್ಕೋಬೇಕು."

"ನಾ ಸೈರಿಸ್ಕೊಂಡಿಲ್ಲೇನು? ನಿಮ್ಮಪ್ಪನ್ನ ಸೈರಿಸ್ಕೊಂಡೆ ಜೀವಮಾನ ಎಲ್ಲಾ. ಸುಮ್ನ ಕುಂತು ಸೈರಿಸ್ಕೊಂಡೆನೇನು? ದಿನಾ ಬೈದೇನಿ. ಬೈದದ್ದಕ್ಕ ಸೈರಿಸ್ಕೊಳ್ಳಾಕ ಆತು."

"ಅದು ಹಳೇ ಕಾಲದ್ದು. ಈಗ ಹಂಗಿಲ್ಲ. ಯಾರರ ಏನರ ಮಾಡವಲ್ಲರ್ಯಾಕ, ಏನೂ ಅನ್ನೂದಿಲ್ಲ. ಅದಕ್ಕ ಸೈರಣಿ ಅಂತಾರ."

"ಹಂಗಾರ ಈ ಗ್ವಾಡಿ ಎಲ್ಲಾರಕಿಂತ ಶಾಣ್ಯಾ ಆತಲ್ಲ," ಎಂದು ಗಿರಿಜಾಬಾಯಿ ಗೋಡೆಗೆ ಕೈ ಮುಗಿದಳು.

ಈ ಹೊತ್ತಿಗೆ ಸೊಸೆ ದಾನೇಶ್ವರಿ ಉಪ್ಪಿಟ್ಟಿನ ಪಾತ್ರೆ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಸಹನೆ ಎಂದರೇನೆಂದು ಅವಳನ್ನು ಯಾರೂ ಕೇಳಲಿಲ್ಲ. "ಉಪ್ಪ ಕಮ್ಮಿ ಆಗೈತಿ," ಎಂದಳು ಅತ್ತೆ. "ಹೂಂನ್ರಿ," ಎಂದು ದಾನೇಶ್ವರಿ ಉಪ್ಪು ತರಲು ಹೋದಳು.

*

ಉದಯಕುಮಾರನ ತಂದೆ ಅಡಿವೆಯ್ಯ ಹಿರೇಮಠ ಕುಂದಗೋಳದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದಾಂಡೇಲಿಗೆ ಬಂದವರು. ನಿವೃತ್ತಿಯ ಮುಂಚೆಯೇ ಜೋಯಿಡಾ ರಸ್ತೆಯಲ್ಲಿ ಹೊಳೆಗೆ ಹತ್ತಿದ ಒಂದು ತುಂಡು ಜಾಗ ಹಿಡಿದು, ಮನೆ ಕಟ್ಟಿ, ಹೆಂಡತಿಯ ಹೆಸರಿಟ್ಟು, ಆ ಹೆಸರಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ತೀರಿಕೊಂಡರು. ಮಗ ಕೆಲವು ವರ್ಷ ಗುತ್ತಿಗೆಯ ಕೆಲಸ ಮಾಡಿ ಬೇಸತ್ತು, ಹೊಳೆ ನೋಡಲು, ರಾಫ್ಟಿಂಗಿಗೆ ಹೋಗಲು ಬರುವ ಮಂದಿ ಹೆಚ್ಚಾದಾಗ ಹಿತ್ತಲಲ್ಲಿ ನಾಲ್ಕು ಕೋಣೆ ಏರಿಸಿ ಬೋರ್ಡು ತಗುಲಿಸಿದ.

ಅಯ್ಯನವರ ಮನೆ, ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ. ಗಿರಾಕಿಗಳು ಮೊದಲು ಮೊಟ್ಟೆ ಕೇಳಿದರು, ಆಮೇಲೆ ಕೋಳಿ ಕೇಳಿದರು. ಗಿರಿಜಾಬಾಯಿ ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ಬಾವಿಯ ಆಚೆ ತಗಡಿನ ಚಪ್ಪರ ಹಾಕಿಸಲು ಒಪ್ಪಿದಳು. ಜೋಯಿಡಾ ಕಡೆಯ ಜ್ಯೋತಿಬಾ ತನ್ನ ಪಾತ್ರೆ, ತನ್ನ ಒಲೆ ತಂದು ಅಲ್ಲಿ ಕೋಳಿ ಬೇಯಿಸತೊಡಗಿದ. ಅವನನ್ನು ಆಕೆ ಬೆಳಿಗ್ಗೆ ಎದ್ದ ಕೂಡಲೇ ಬೈಯುತ್ತಿದ್ದಳು, ಬೈದು ಮುಗಿದ ಮೇಲೆ ರೊಟ್ಟಿ, ಶೇಂಗಾ ಹಿಂಡಿ ಕೊಡುತ್ತಿದ್ದಳು. ಗಾಳಿ ತಿರುಗಿ ವಾಸನೆ ಇತ್ತ ಬಂದರೆ ತಾನು ಕೂರುವ ಹಗ್ಗದ ಹೊರಸು ತಿರುಗಿಸಿಕೊಳ್ಳುತ್ತಿದ್ದಳು. ಬಿಯರ್ ಬಾಟಲಿ ಬಂದವು. ಗಿಡದ ಬುಡಕ್ಕೆ ಎಸೆಯಬೇಡಿರೆಂದು ಬೈದು, ತಾನೇ ಆರಿಸಿ ಚೀಲ ತುಂಬಿಸಿದಳು. ಮದುವೆಯಾಗದ ಹುಡುಗ ಹುಡುಗಿ ಒಂದೇ ಕೋಣೆ ಕೇಳಿದರು, "ಮದುವಿ ಯಾವಾಗರ್ಪಾ?" ಎಂದು ಹೋಗುವವರೆಗೂ ಕೇಳಿದಳು. ಆ ಹುಡುಗಿ ಮರುದಿನ ಜಗಳಾಡಿ ಅಳುತ್ತ ಕೂತಾಗ ಮೊಸರನ್ನ ಕಲಸಿ ಮುಂದಿಟ್ಟವಳೂ ಆಕೆಯೇ.

ಹೊಳೆಯ ಸಂಗತಿಯೊಂದರಲ್ಲಿ ಮಾತ್ರ ಆಕೆಯ ಬಾಯಿಗೆ ತಡೆ ಇರಲಿಲ್ಲ. ಮೇಲೆ ಸೂಪಾ ಅಣೆಕಟ್ಟಿನಲ್ಲಿ ಕರೆಂಟಿಗಾಗಿ ನೀರು ಬಿಟ್ಟಾಗ ಕಾಳಿ ಏರುತ್ತದೆ. ಮೊಳಕಾಲುಮಟ ಇದ್ದ ನೀರು ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಎದೆಗೆ ಬರುತ್ತದೆ. ಆ ದಂಡೆಯಲ್ಲಿ ಇದು ಗೊತ್ತಿಲ್ಲದವರಿಲ್ಲ, ಗಿರಾಕಿಗಳ ಹೊರತು. ಅವರಿಗೆಂದು ಉದಯಕುಮಾರ ಮೂರು ಭಾಷೆಗಳಲ್ಲಿ ಫಲಕ ಬರೆಸಿ ನೆಟ್ಟಿದ್ದ. ಅವರು ಅದರ ಮೇಲೆ ಒದ್ದೆ ಬನಿಯನ್ ಒಣಹಾಕುತ್ತಿದ್ದರು.

ಅಡುಗೆಮನೆಯಿಂದ ಹೊಳೆ ಕಾಣುವುದಿಲ್ಲ. ದಾನೇಶ್ವರಿ ಕಿವಿಯಿಂದಲೇ ಲೆಕ್ಕ ಇಡುತ್ತಿದ್ದಳು. ಅತ್ತೆ ಒದರುತ್ತಿದ್ದರೆ ಯಾರೋ ನೀರಲ್ಲಿದ್ದಾರೆ. ಒದರುವುದು ನಿಂತರೆ ಮೇಲೆ ಬಂದಿದ್ದಾರೆ, ಇನ್ನು ರೊಟ್ಟಿ ಬಡಿಯಬಹುದು. ಮುಂದಿನ ಅಂಗಳದಲ್ಲಿ ಕಾರು ನಿಲ್ಲಿಸುವ ಉದಯಕುಮಾರನ ಲೆಕ್ಕವೂ ಅದೇ, ಚಪ್ಪರದ ಜ್ಯೋತಿಬಾನದೂ ಅದೇ. ಹೀಗೆ ಮನೆಯವರೆಲ್ಲ ಒಂದು ಹೊಳೆಯನ್ನು ಒಬ್ಬಳ ಗಂಟಲಿಗೆ ಒಪ್ಪಿಸಿ ತಂತಮ್ಮ ಕೆಲಸ ನೋಡಿಕೊಂಡಿದ್ದರು. ಹಾಗೆ ಒಪ್ಪಿಸಿದ್ದೇವೆಂದು ಅವರಿಗೇ ತಿಳಿದಿರಲಿಲ್ಲ.

ಗಿರಾಕಿಗಳಿಗೆ ಖರ್ಚಾಗಿ ಉಳಿದ ಬೈಗುಳ ಸೊಸೆಗೆ. ಮುಂಡಗೋಡದ ಕಡೆಯ ಹಳ್ಳಿಯಿಂದ ಈ ಮನೆಗೆ ಬಂದಂದಿನಿಂದ ದಾನೇಶ್ವರಿ ಅದಕ್ಕೆಲ್ಲ ಕೊಟ್ಟ ಉತ್ತರ ಒಂದೇ: "ಹೂಂನ್ರಿ." ಬಂಧುಬಳಗದಲ್ಲಿ ಅವಳ ತಾಳ್ಮೆಗೆ ದೊಡ್ಡ ಹೆಸರಿತ್ತು. ಹೆಸರು ಬಂದ ಮೇಲೆ ಅದನ್ನು ಉಳಿಸಿಕೊಳ್ಳುವ ಕೆಲಸವೂ ಅವಳದೇ ಆಯಿತು.

*

ಅಜ್ಜಿಗೆ ಪಾಠ ಹೇಳುವ ಕೆಲಸ ಸುಮಿತಾಳಿಗೆ ಬಿತ್ತು.

"ಆಯಿ, ಮೊದಲು ನಗಬೇಕು."

"ಮುಣಗವ್ರನ್ನ ನೋಡಿ ನಗೂದೇನು?"

"ಮುಣಗಾಕಿಂತ ಮೊದಲ ನಗೂದು. ಆಮ್ಯಾಲ, 'ಸರ, ನೀರು ಬರೂ ಹೊತ್ತಾತ್ರಿ, ನಿಮ್ಮ ಅನುಕೂಲ ನೋಡ್ಕೊಂಡು ಮ್ಯಾಲ ಬರ್ರಿ.' ಅನ್ನು ನೋಡೋಣ."

"ನಿಮ್ಮ ಅನುಕೂಲ ನೋಡ್ಕೊಂಡು," ಎಂದು ಗಿರಿಜಾಬಾಯಿ ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡವಳಂತೆ ಹೇಳಿದಳು. "ಹೊಳಿಗೂ ಒಂದ್ ಮಾತ ಹೇಳಿ ಬರ್ತೀಯೇನು, ಇವರ ಅನುಕೂಲ ನೋಡ್ಕೊಂಡು ಬಾ ಅಂತ?"

ಮೊದಲ ವಾರ ಪಾಠ ಹತ್ತಲಿಲ್ಲ. ಮಂಗಳವಾರ ಧಾರವಾಡದ ಕಾಲೇಜು ಹುಡುಗರು ನೀರಿಗೆ ಇಳಿದರು. ಗಿರಿಜಾಬಾಯಿ ನಕ್ಕಳು, "ಸರ" ಎಂದಳು, ಆಮೇಲೆ ತಡೆಯಲಾರದೆ "ಏ ಹುಚ್ಚ ಖೋಡಿಗೋಳಿರ್ಯಾ, ಕಣ್ಣ ಕಿಸೆದಾಗ ಇಟ್ಕೊಂಡೀರೇನು" ಎಂದು ಶುರು ಮಾಡಿ ಕೊನೆಯವರೆಗೂ ಹೋದಳು. ಹುಡುಗರು ಎದ್ದು ಬಿದ್ದು ಮೇಲೆ ಬಂದರು. ಅದರಲ್ಲೊಬ್ಬ ಬೈಗುಳದ ವಿಡಿಯೋ ಮಾಡಿಕೊಂಡಿದ್ದ.

ಅಂದು ಊಟಕ್ಕೆ ಎಣ್ಣೆಗಾಯಿ ಇತ್ತು. ಉದಯಕುಮಾರ ರೊಟ್ಟಿ ಮುರಿಯುತ್ತ, ತಾಯಿಯ ಮುಖ ನೋಡದೆ ಮಾತಾಡಿದ.

"ಸೀಜನ್ ಮುಗಿಯುತನಕ ದ್ರಾಕ್ಷಾಯಣಿ ಮನ್ಯಾಗ ಇದ್ದ ಬರ್ತಿಯೇನವ್ವಾ? ಆಕೀನೂ ಕರ್ಯಾಕತ್ತಾಳ."

ದ್ರಾಕ್ಷಾಯಣಿ ಅವನ ತಂಗಿ, ಸಾಂಬ್ರಾಣಿ ಎಂಬ ಊರಿಗೆ ಕೊಟ್ಟವಳು. ಅವಳು ಕರೆದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಗಿರಿಜಾಬಾಯಿ ಬಾಯಲ್ಲಿದ್ದ ತುತ್ತನ್ನು ನಿಧಾನ ಅಗಿದು ನುಂಗಿದಳು. ಗೋಡೆಯ ಮೇಲೆ ತನ್ನ ಹೆಸರಿರುವ ಮನೆಯಲ್ಲಿ ತನ್ನ ಬಾಯಿಗೆ ಜಾಗವಿಲ್ಲವೆಂದು ಆಕೆಗೆ ತಿಳಿದದ್ದು ಆಗಲೇ ಇರಬೇಕು.

"ಯಾಕ ಹೋಗಲಿ? ನೀವು ಹೇಳಿದಂಗ ಇರ್ತೇನಿ. ಇವತ್ತಿಂದ ನಾ ಸೈರಿಸ್ಕೋತೇನಿ. ನೀರ ಕೊಡವಾ ದಾನವ್ವಾ."

ಉದಯಕುಮಾರನಿಗೆ ಇಷ್ಟು ಸುಲಭವಾಗುತ್ತದೆ ಎನ್ನಿಸಿರಲಿಲ್ಲ. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

*

ಗಿರಿಜಾಬಾಯಿ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಸೈರಿಸಲು ಹಿಡಿದವಳು ಪೂರ್ತಿ ಸೈರಿಸತೊಡಗಿದಳು.

ದಂಡೆಯ ಮೇಲೆ ಹೊರಸು ಹಾಕಿಕೊಂಡು ಅವರೆಕಾಯಿ ಸುಲಿಯುತ್ತ, ನೀರಲ್ಲಿದ್ದವರಿಗೆ ಕೈ ಬೀಸಿದಳು. "ಅನುಕೂಲ ನೋಡ್ಕೊಂಡು ಬರ್ರಿ" ಎಂದು ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದಳು. ಬಂದವರು ಅವಳ ಜೊತೆ ಫೋಟೋ ತೆಗೆಸಿಕೊಂಡರು. ಮನೆಯ ಅಜ್ಜಿ ಬಹಳ ಮುದ್ದು ಎಂದು ಹೈದರಾಬಾದಿನವರು ಬರೆದರು. ಅದೃಷ್ಟವೋ ಏನೋ, ಅವರೆಲ್ಲ ನೀರು ಬರುವ ಮುಂಚೆ ಹಸಿವಾಗಿ ಮೇಲೆ ಬಂದಿದ್ದರು.

ಆಮೇಲೆ ಈ ಸೈರಣೆ ದಂಡೆಯಿಂದ ಮನೆಯೊಳಗೆ ಬಂತು. ಉದಯಕುಮಾರ ಎರಡು ದಿನ ಜ್ವರವೆಂದು ಮಲಗಿದ. ಕಷಾಯ ಕುಡಿದೆಯಾ ಎಂದು ಆಕೆ ಕೇಳಲಿಲ್ಲ. ಸುಮಿತಾ ಕಾಲೇಜಿನಿಂದ ಕತ್ತಲಾದ ಮೇಲೆ ಯಾರದೋ ಬೈಕಿನಲ್ಲಿ ಬಂದಿಳಿದಳು. ಕಟ್ಟೆಯ ಮೇಲಿದ್ದ ಅಜ್ಜಿ ಅವಳನ್ನು ನೋಡಿ ನಕ್ಕು, ಕಾಲು ಮಡಚಿ ದಾರಿ ಕೊಟ್ಟಳು. ಹುಡುಗಿ ಒಳಗೆ ಹೋದವಳು ತಿರುಗಿ ಬಂದಳು.

"ಆಯಿ, ಯಾರ ಬೈಕು ಅಂತ ಕೇಳೂದಿಲ್ಲೇನು?"

"ಯಾಕ ಕೇಳಲಿ? ದೊಡ್ಡಾಕಿ ಆಗಿ. ನಿಂಗ ತಿಳೀತೈತಿ."

"ಕ್ಲಾಸ್‌ಮೇಟ್. ಬಸ್ ತಪ್ಪಿತ್ತು."

"ಹೇಳಬ್ಯಾಡ ಬಿಡ. ನಾ ಕೇಳಿಲ್ಲಲ್ಲ."

ಸುಮಿತಾಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಬೈಗುಳ ನಿಂತದ್ದರ ನಿಜವಾದ ಪರಿಣಾಮ ಅಡುಗೆಮನೆಯಲ್ಲಾಯಿತು. ಒಂದು ದಿನ ದಾನೇಶ್ವರಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅತ್ತೆ ಉಂಡು, ಕೈ ತೊಳೆದು, "ಚಲೋ ಆಗಿತ್ತವಾ" ಎಂದಳು. ದಾನೇಶ್ವರಿಯ ಬಾಯಲ್ಲಿ "ಹೂಂನ್ರಿ" ಸಿದ್ಧವಾಗಿತ್ತು. ಅದಕ್ಕೆ ಜಾಗ ಸಿಗಲಿಲ್ಲ. ಮರುದಿನ ಅವಳು ರೊಟ್ಟಿಯೊಂದನ್ನು ಬೇಕೆಂದೇ ಕರಕು ಮಾಡಿ ಬಡಿಸಿದಳು. ಅತ್ತೆ ಅದನ್ನೂ ತಿಂದಳು.

"ಅತ್ತಿ, ರೊಟ್ಟಿ ಸುಟ್ಟಿತ್ರಿ," ಎಂದಳು ದಾನೇಶ್ವರಿ.

"ಇರಲಿ ಬಿಡ. ನಿನ್ನ ಕೈ, ನಿನ್ನ ಒಲಿ."

ದಾನೇಶ್ವರಿ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಇಷ್ಟು ವರ್ಷ ದಿನಾ ಬಂದು ಬೀಳುತ್ತಿದ್ದ ಮಾತು ನಿಂತ ಮೇಲೆ, ಹಿಂದೆ ಬಿದ್ದಿದ್ದ ಮಾತುಗಳೆಲ್ಲ ಒಂದೊಂದಾಗಿ ಕೇಳಿಸತೊಡಗಿದವು. ಮೊದಲು ಅವನ್ನು ಕೇಳಿಸಿಕೊಳ್ಳಲು ಬಿಡುವಿರಲಿಲ್ಲ.

ಕೆಲಸ ಮಾತ್ರ ಹೆಚ್ಚಾಗಿತ್ತು. ಮುದ್ದು ಅಜ್ಜಿಯ ಸುದ್ದಿ ಹರಡಿ ಕೋಣೆಗಳು ಖಾಲಿ ಬೀಳಲಿಲ್ಲ. ಚಾದರು ಒಗೆಯುವುದು, ನಸುಕಿಗೆ ಚಹಾ, ಊರ ಊಟವೆಂದು ಕೇಳುವವರಿಗೆ ಝುಣಕ, ಮಾದೇಲಿ. ಒಬ್ಬ ಗಿರಾಕಿ ಒಳಗಿನ ಅಡುಗೆಮನೆಗೇ ಬಂದು ಒಲೆಯ ಮೇಲೆ ಮೀನು ಹುರಿದುಕೊಂಡ. ದಾನೇಶ್ವರಿ ಗಂಡನಿಗೆ ಹೇಳಿದಳು.

"ಇದೊಂದ್ ಸಲ ಸಂಬಾಳಿಸ್ಕೋ," ಎಂದ ಉದಯಕುಮಾರ. "ನೋಡು, ಅವ್ವನಽ ಬದಲಾಗ್ಯಾಳ. ನಿಂಗೇನಾಗೈತಿ?"

"ನಂಗೇನೂ ಆಗಿಲ್ಲ," ಎಂದಳು ದಾನೇಶ್ವರಿ. "ಹೂಂನ್ರಿ" ಎನ್ನಲಿಲ್ಲ. ಉದಯಕುಮಾರ ಫೋನಿನಲ್ಲಿ ಇದ್ದುದರಿಂದ ಗಮನಿಸಲಿಲ್ಲ. ಮಾತು ಕೇಳಿಸಿಕೊಂಡ ಜ್ಯೋತಿಬಾ ಮಾತ್ರ ಬಾವಿಯ ಹತ್ತಿರ ಕೊಡ ತುಂಬುತ್ತಿದ್ದವನು ಒಮ್ಮೆ ಅವಳ ಕಡೆ ನೋಡಿ, ಆ ದಿನ ತನ್ನ ರೊಟ್ಟಿಯನ್ನು ಕೇಳದೆಯೇ ಹೋದ.

*

ಹುಬ್ಬಳ್ಳಿಯ ರೋಹಿತ ಎಂಬವನು ಗೆಳೆಯರೊಡನೆ ಬಂದದ್ದು ಸಂಕ್ರಾಂತಿ ಮುಗಿದ ವಾರ. ಒಳ್ಳೆಯ ಹುಡುಗ, ಗಿರಿಜಾಬಾಯಿಯ ಕಾಲಿಗೆ ಎರಗಿ, ಸ್ಪೀಕರು ಹಚ್ಚಿ ನೀರಿಗೆ ಇಳಿದ. ಗೆಳೆಯರು ದಂಡೆಯ ಹತ್ತಿರವೇ ಇದ್ದರು. ಇವನು ಹೊಳೆಯ ನಡುವಿನ ಬಂಡೆಯ ಮೇಲೆ ಹೋಗಿ ಮಲಗಿದ.

ಹೊಳೆಯ ಸಪ್ಪಳ ಬದಲಾಯಿತು. ಗಿರಿಜಾಬಾಯಿ ಅವರೆಕಾಯಿಯ ಮೊರ ಕೆಳಗಿಟ್ಟು ಎದ್ದು ನಿಂತಳು. ನಕ್ಕಳು.

"ಸರ, ನೀರು ಬರೂ ಹೊತ್ತಾತ್ರಿ. ನಿಮ್ಮ ಅನುಕೂಲ ನೋಡ್ಕೊಂಡು ಮ್ಯಾಲ ಬರ್ರಿ."

"ಆತ್ರಿ ಆಯಿ, ಅನುಕೂಲ ನೋಡ್ಕೊಂಡು ಬರ್ತೇನಿ," ಎಂದು ರೋಹಿತ ಮಲಗಿದಲ್ಲಿಂದಲೇ ಕೈ ಎತ್ತಿದ.

ಆಕೆ ಮತ್ತೆ ಕೂತಳು.

ಅಡುಗೆಮನೆಯಲ್ಲಿ ದಾನೇಶ್ವರಿ ಹಿಟ್ಟು ನಾದುತ್ತಿದ್ದಳು. ಯಾರೂ ಒದರುತ್ತಿಲ್ಲ, ಅಂದರೆ ಹೊಳೆಯಲ್ಲಿ ಯಾರೂ ಇಲ್ಲ. ಉದಯಕುಮಾರ ಮುಂದಿನ ಅಂಗಳದಲ್ಲಿ ಹೊಸ ಗಿರಾಕಿಯೊಬ್ಬನಿಗೆ ಕಾರು ಹಿಂದೆ ತೆಗೆಯಲು ಕೈ ಮಾಡುತ್ತಿದ್ದ. ಒದರುತ್ತಿಲ್ಲ, ಅಂದರೆ ಯಾರೂ ಇಲ್ಲ. ಅಜ್ಜಿ ಬದಲಾಗಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಕಿವಿಗೆ ಯಾರೂ ಹೇಳಿರಲಿಲ್ಲ.

ಗೆಳೆಯರ ಕೂಗು ಕೇಳಿ ಜ್ಯೋತಿಬಾ ಚಪ್ಪರದಿಂದ ಓಡಿಬಂದಾಗ ಬಂಡೆ ಕಾಣುತ್ತಿರಲಿಲ್ಲ. ಅವನು ಗಾಳಿ ತುಂಬಿದ ಟ್ಯೂಬು ಹಿಡಿದು ದಂಡೆಗುಂಟ ಕೆಳಗೆ ಓಡಿದ. ತಿರುವಿನಲ್ಲಿ ನೀರಿಗೆ ಬಾಗಿದ ಮರದ ಬೇರು ಹಿಡಿದು ರೋಹಿತ ನೇತಾಡುತ್ತಿದ್ದ. ಒಂದು ಕಾಲು ಕಲ್ಲಿಗೆ ಬಡಿದು ಮುರಿದಿತ್ತು. ಮೇಲೆ ಎಳೆದು ಮಲಗಿಸಿದಾಗ ಅವನ ಮುಖ ಬೂದಿಯ ಬಣ್ಣವಾಗಿತ್ತು.

ದವಾಖಾನೆಗೆ ಮುಟ್ಟಿಸಿ ಬಂದ ಉದಯಕುಮಾರ ಸೀದಾ ತಾಯಿಯ ಹೊರಸಿನ ಮುಂದೆ ಬಂದು ನಿಂತ.

"ನೋಡ್ಕೋತ ಕುಂತಿದ್ದಿ ಅಂತಲ್ಲ ಅವ್ವಾ?"

"ಹೇಳಿದೆನಲ್ಲ. ಸುಮಿ ಕಲಿಸಿದಂಗ ಹೇಳಿದೆ. ಒಂದ್ ಅಕ್ಷರ ತಪ್ಪಿಲ್ಲ."

"ಹುಡುಗ ಸಾಯ್ತಿದ್ದ!"

"ದೊಡ್ಡಾಂವ ಇದ್ದ. ಅನುಕೂಲ ನೋಡ್ಕೊಂಡು ಬರ್ತೇನಿ ಅಂದ." ಆಕೆ ಒಂದು ಕಾಯಿ ಸುಲಿದು ಕಾಳು ಮೊರಕ್ಕೆ ಹಾಕಿದಳು. "ಮದಲಿಗಾದ್ರ ಅವರೆಲ್ಲಾ ನಮ್ಮ ಹುಡುಗರ ಅನ್ನಿಸ್ತಿದ್ರು. ಹೊಟ್ಟ್ಯಾಗ ಬೆಂಕಿ ಬೀಳ್ತಿತ್ತು, ಬಾಯಿಂದ ಹೊರಗ ಬರ್ತಿತ್ತು. ನೀ ಬ್ಯಾಡ ಅಂದಿ. ಬೆಂಕಿ ಆರಿಸ್ಕೊಂಡೆ. ಬಾಯಿ ಅಷ್ಟಽ ಮುಚ್ಚಾಕ ಬರೂದಿಲ್ಲೋ ಉದ್ಯಾ. ಒಳಗಿಂದ ಮುಚ್ಚಿದ್ರನ ಮುಚ್ಚತೈತಿ."

ಉದಯಕುಮಾರ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತ. "ಈಗ ಒದರು. ನಾನಽ ಹೇಳ್ತೇನಿ. ನಕ್ಷತ್ರ ಹಾಳಾಗಿ ಹೋಗ್ಲಿ. ಏನ್ ಬೇಕಾದ್ ಅನ್ನು."

"ಬರೂದಿಲ್ಲ," ಎಂದಳು ತಾಯಿ, ಯಾವ ಸಿಟ್ಟೂ ಇಲ್ಲದೆ. "ಬರೂದಿಲ್ಲಪಾ ಈಗ."

ಮೂರು ದಿನದ ಮೇಲೆ ರೋಹಿತ ಹಾಸಿಗೆಯಲ್ಲಿ ಮಲಗಿ ಬರೆದ ಅಭಿಪ್ರಾಯ ಬಂತು. ಐದಕ್ಕೆ ಐದು. ಜೀವನದಲ್ಲಿ ಮರೆಯಲಾಗದ ಅನುಭವ, ಮನೆಯವರು ಯಾವುದಕ್ಕೂ ಅಡ್ಡಿ ಮಾಡುವುದಿಲ್ಲ. ಸುಮಿತಾ ಅದನ್ನು ಓದಿ ಹೇಳಿ ಫೋನು ಕವುಚಿಟ್ಟಳು. ಅಡುಗೆಮನೆಯಲ್ಲಿ ಖಾರ ಕುಟ್ಟುವ ಸಪ್ಪಳ ಜೋರಾಯಿತು.

*

ಉದಯಕುಮಾರ ಹಳಿಯಾಳದ ಅಂಗಡಿಯಿಂದ ಸೀಟಿಯೊಂದನ್ನು ತಂದು ಕೊರಳಿಗೆ ಹಾಕಿಕೊಂಡ. ಮೊದಲ ದಿನ ಊದಿದಾಗ ನೀರಲ್ಲಿದ್ದವರು ಆಟವೆಂದು ತಿಳಿದು ತಾವೂ ಶಿಳ್ಳೆ ಹಾಕಿದರು. ಕೈ ಮುಗಿದು ಕರೆದ. ಅವರೂ ಕೈ ಮುಗಿದರು. ಗಿರಾಕಿಯ ಮೇಲೆ ದನಿ ಏರಿಸಲು ಅವನ ಗಂಟಲು ಒಪ್ಪುತ್ತಿರಲಿಲ್ಲ. ಸುಮಿತಾ ಕಾಲೇಜು ತಪ್ಪಿಸಿ ಎರಡು ದಿನ ದಂಡೆ ಕಾದಳು. "ಎಕ್ಸ್‌ಕ್ಯೂಸ್ ಮಿ" ಎನ್ನುವುದಕ್ಕಿಂತ ಗಟ್ಟಿಯಾದ ಮಾತು ಅವಳಿಗೂ ಬರಲಿಲ್ಲ. ಬೈಯುವುದನ್ನು ಆ ಮನೆಯಲ್ಲಿ ಒಬ್ಬಳಿಗೇ ಬಿಟ್ಟುಕೊಟ್ಟಿದ್ದರು; ಬೈಸಿಕೊಳ್ಳುವುದನ್ನೂ ಒಬ್ಬಳಿಗೇ.

ಶಿವರಾತ್ರಿಯ ಹಿಂದಿನ ಭಾನುವಾರ ಬೆಳಗಾವಿಯಿಂದ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಜ್ಯೋತಿಬಾ ಸಂತೆಗೆ ದಾಂಡೇಲಿಗೆ ಹೋಗಿದ್ದ. ಉಪ್ಪಿಟ್ಟು ತಿಂದು ತಂದೆ ಮಕ್ಕಳನ್ನು ಹೊಳೆಗೆ ಇಳಿಸಿದ. ಆಳವಿಲ್ಲದ ಕಡೆ ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿ, ತಾನು ಹಿಂದೆ ಹಿಂದೆ ನಡೆದು ಅವರ ವಿಡಿಯೋ ತೆಗೆಯತೊಡಗಿದ. ತಾಯಿ ದಂಡೆಯಿಂದ "ಇನ್ನೂ ಸ್ವಲ್ಪ ಆ ಕಡೆ" ಎನ್ನುತ್ತಿದ್ದಳು.

ನೀರಿನ ಬಣ್ಣ ತಿರುಗಿತು. ಉದಯಕುಮಾರ ಸೀಟಿ ಊದಿದ. ಮಕ್ಕಳು ಚಪ್ಪಾಳೆ ತಟ್ಟಿದರು.

"ಸರ್, ಪ್ಲೀಸ್, ನೀರು ಬರಾಕತ್ತೈತ್ರಿ," ಎಂದಳು ಸುಮಿತಾ.

"ಎರಡ ಮಿನಿಟ ಬೇಟಾ," ಎಂದ ತಂದೆ, ಫೋನಿನಿಂದ ಕಣ್ಣು ತೆಗೆಯದೆ.

"ಸರ್, ರಿಕ್ವೆಸ್ಟ್ ಮಾಡ್ಕೋತೇನ್ರಿ," ಎಂದ ಉದಯಕುಮಾರ. ಚಿಕ್ಕ ಹುಡುಗಿಯ ಕಣಕಾಲಿಗಿದ್ದ ನೀರು ಮೊಳಕಾಲಿಗೆ ಬಂದಿತ್ತು. ಅವನು ಹೊರಸಿನ ಕಡೆ ತಿರುಗಿದ. "ಅವ್ವಾ!"

ಗಿರಿಜಾಬಾಯಿ ಎದ್ದಿದ್ದಳು. ಬಾಯಿ ತೆರೆದಿತ್ತು. ಗಂಟಲ ನರ ಉಬ್ಬಿದ್ದವು, ಮಾತು ಬರಲಿಲ್ಲ.

ಆಗ ಅಡುಗೆಮನೆಯ ಹಿಂಬಾಗಿಲು ಗೋಡೆಗೆ ಬಡಿಯಿತು. ಮೊಳಕೈವರೆಗೂ ಜೋಳದ ಹಿಟ್ಟು ಮೆತ್ತಿದ್ದ ದಾನೇಶ್ವರಿ ಹೊರಗೆ ಬಂದಳು.

"ಏ ಖೋಡಿ! ಹಡದದ್ದು ಮೀನಕ್ಕ ಹಾಕಾಕೇನು? ಕಣ್ಣ ಆ ಡಬ್ಬ್ಯಾಗ ಇಟ್ಟಿಯೇನು? ಎತ್ತ ಆ ಹುಡುಗೀನ! ಎತ್ತ್ ಮದಲ! ಕೈಯಾಗ ಎಲುಬ ಇಲ್ಲೇನು? ನಿಮ್ಮವ್ವ ಏನ ಕಲಿಸ್ಯಾಳ ನಿನಗ, ಉಣ್ಣೂದೊಂದಽ? ಗೂಟಕ್ಕ ಕಟ್ಟಬೇಕು ನಿಮ್ಮನ್ನ, ಗೂಟಕ್ಕ!"

ಆ ಧ್ವನಿಯನ್ನು ಮನೆಯಲ್ಲಿ ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಮಾತುಗಳು ಮಾತ್ರ ಪರಿಚಯದವು. ಎಷ್ಟೋ ವರ್ಷ ಒಲೆಯ ಮುಂದೆ ಒಂದೊಂದನ್ನೂ ಕೇಳಿಸಿಕೊಂಡವಳಿಗೆ ಯಾವುದು ಎಲ್ಲಿ ತಗಲುತ್ತದೆಂದು ಗೊತ್ತಿತ್ತು. ಬೆಳಗಾವಿಯವನ ಕೈಯಿಂದ ಫೋನು ನೀರಿಗೆ ಬಿತ್ತು. ಅವನು ಮಕ್ಕಳಿಬ್ಬರನ್ನೂ ಕಂಕುಳಿಗೆ ಅವುಚಿಕೊಂಡು, ಎಡವಿ, ಎದ್ದು, ದಂಡೆ ಹತ್ತಿದ. ಮಕ್ಕಳು ನಿಂತಿದ್ದ ಕಲ್ಲಿನ ಮೇಲೆ ರಾಡಿ ನೀರು ಹರಿದು, ಕಲ್ಲು ಎಲ್ಲಿತ್ತೆಂದು ತಿಳಿಯದಂತಾಯಿತು.

"ಬಂದ್ವಿ ಅಕ್ಕಾರ, ಬಂದ್ವಿ," ಎಂದ ಅವನು ಏದುಸಿರಿನಲ್ಲಿ. ಹೆಂಡತಿ ಮಕ್ಕಳನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಅಳತೊಡಗಿದಳು.

ದಾನೇಶ್ವರಿ ನಿಲ್ಲಿಸಲಿಲ್ಲ. ಫಲಕದ ಮೇಲಿನ ಬನಿಯನ್, ಒಲೆಯ ಮೇಲಿನ ಮೀನು, ಹಾಸಿಗೆಯ ಮೇಲೆ ಚೆಲ್ಲಿದ ಬಿಯರು, ನಸುಕಿನ ಚಹಾ, ಈ ಕುಟುಂಬಕ್ಕೆ ಸಂಬಂಧವೇ ಇಲ್ಲದ ಸಂಗತಿಗಳು ಸಾಲಾಗಿ ಹೊರಬಂದವು. ಉದಯಕುಮಾರನ ಮುಖದಲ್ಲಿ ಮೊದಲು ಜೀವ ಬಂದಿತ್ತು, ನಗುವೂ ಬಂದಿತ್ತು.

"ಶಾಬಾಸ್," ಎಂದ. "ಇನ್ನ ಹೊಳಿಗೆ ನೀನಽ ಸರಿ. ಸಾಕ್ ಈಗ, ಅವರು ಬಂದ್ರಲ್ಲ."

ಅವಳು ಬಾಯಿ ಮುಚ್ಚಿದಳು. ಕೈಯ ಹಿಟ್ಟನ್ನು ನಿಧಾನ ತಿಕ್ಕಿ ಉದುರಿಸಿದಳು. ಹೊಳೆಗೆ ಬೆನ್ನು ಮಾಡಿ, ಮನೆಯ ಕಡೆ ತಿರುಗಿದಳು.

ಗಿರಿಜಾಬಾಯಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. "ದಾನವ್ವಾ," ಎಂದಳು ಮೆತ್ತಗೆ, "ಬಾ ನಮ್ಮವ್ವ, ಸ್ವಲ್ಪ ನೀರ ಕುಡಿ. ದಣದಿ."

"ನೀವು ಕುಂಡರ್ರಿ ಅತ್ತಿ. ನಿಮ್ಮದು ಆಮ್ಯಾಲ."

ಗಿರಿಜಾಬಾಯಿ ಕೂತಳು. ಸುಮಿತಾ ಗಿರಾಕಿಗಳನ್ನು ಕೋಣೆಗೆ ಕರೆದೊಯ್ಯಲು ಹೋದವಳು ತಾನೂ ಅವರ ಜೊತೆ ಒಳಗೆ ಸೇರಿ ಬಾಗಿಲು ಹಾಕಿಕೊಂಡಳು.

"ಏನ್ರೀ," ಎಂದಳು ದಾನೇಶ್ವರಿ ಗಂಡನಿಗೆ. ಇನ್ನೂ "ರೀ" ಎನ್ನುತ್ತಿದ್ದಳು, ಅದೂ ಮೊದಲಿಗಿಂತ ಮೃದುವಾಗಿ. ಉದಯಕುಮಾರ ಒಂದು ಹೆಜ್ಜೆ ಹಿಂದೆ ಸರಿದ. "ಇಲ್ಲಿ ಬರ್ರಿ. ಆ ಸೀಟಿ ತಗದ ಇಡ್ರಿ."

"ಅಡಗಿ ಹೊತ್ತಾತು, ಗಿರಾಕಿ ಊಟಾ..."

"ಒಲಿ ಆರಿಸಿ ಬಂದೇನಿ." ಅವಳು ಹೊರಸಿನ ಮೇಲಿದ್ದ ಅವರೆಕಾಯಿಯ ಮೊರವನ್ನು ಎತ್ತಿ ಬದಿಗಿಟ್ಟು, ತಾಯಿಯ ಪಕ್ಕ ಮಗನಿಗೆ ಜಾಗ ಮಾಡಿದಳು. "ನಾ ಮದುವ್ಯಾಗಿ ಬಂದ ದಿನದಿಂದ ಚಾಲೂ ಮಾಡ್ತೇನಿ. ಕುಂಡರ್ರಿ."